ಕುಕ್ಕರಿಗೆ ಬೇರೆ ಕೆಲಸ ಕೊಡಿ, ನೀರಿಲ್ಲದೆ ಮಾತ್ರ ಒಲೆಗೇರಿಸಬೇಡಿ

ಸಂಪಾದಕರಿಗೆ,

ಮಾನ್ಯರೆ,

ಮನೆವಾರ್ತೆಯ ಪುರವಣಿಗಳಲ್ಲಿ ಈಚೆಗೆ ‘ಕುಕ್ಕರಿನಿಂದ ಇಷ್ಟೆಲ್ಲ ಮಾಡಬಹುದು’ ಎಂಬ ತುಣುಕುಗಳು ಮೇಲಿಂದ ಮೇಲೆ ಬರುತ್ತಿವೆ. ಕೇಕ್ ಮಾಡಿ, ಶೇಂಗಾ ಹುರಿಯಿರಿ, ಸೀಟಿ ಕೊಳವೆಗೆ ಪೈಪು ಸಿಕ್ಕಿಸಿ ಹಬೆ ತೆಗೆದುಕೊಳ್ಳಿ, ಇನ್ವರ್ಟರ್ ಬ್ಯಾಟರಿಗೆ ಹಬೆ ತಣಿಸಿ ಶುದ್ಧ ನೀರು ಇಳಿಸಿ ಎಂದು ಎರಡೆರಡು ಸಾಲಿನಲ್ಲಿ ಸಲಹೆ ಮುಗಿದುಹೋಗುತ್ತದೆ. ಯಾವ ಕುಕ್ಕರ್, ಎಷ್ಟು ನೀರು, ಎಷ್ಟು ಹೊತ್ತು, ವೆಯ್ಟ್ ಇರಬೇಕೋ ಬೇಡವೋ, ಇದೊಂದೂ ಅದರಲ್ಲಿ ಇರುವುದಿಲ್ಲ. ಇವುಗಳಲ್ಲಿ ಕೆಲವು ನಿಜಕ್ಕೂ ಉಪಯೋಗದವು. ಕೆಲವು ಕುಕ್ಕರಿನ ಆಯುಷ್ಯ ತಿನ್ನುವಂಥವು. ಒಂದೆರಡಂತೂ ನೇರವಾಗಿ ಮುಖಕ್ಕೆ ಅಪಾಯ ತರುವಂಥವು. ಯಾವುದು ಯಾವುದೆಂದು ಬಿಡಿಸಿ ಹೇಳಲು ಈ ಪತ್ರ.

ಕುಕ್ಕರ್ ಮಾಡುವ ಕೆಲಸ ಒಂದೇ: ನೀರನ್ನು ಹಬೆ ಮಾಡಿ ಹೊರಗೆ ಹೋಗಗೊಡದೆ ಹಿಡಿಯುವುದು. ನಮ್ಮ ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ ತೆರೆದ ಪಾತ್ರೆಯ ನೀರು 98ರಿಂದ 99 ಡಿಗ್ರಿಗೆ ಕುದಿಯುತ್ತದೆ. ಅದೇ ನೀರು ಕುಕ್ಕರಿನೊಳಗೆ, ವೆಯ್ಟ್ ಎತ್ತುವಷ್ಟು ಒತ್ತಡ ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೊ ಒತ್ತಡ ಬಂದಾಗ, 120 ಡಿಗ್ರಿಯ ಆಸುಪಾಸು ಮುಟ್ಟುತ್ತದೆ. ಆಸ್ಪತ್ರೆಯಲ್ಲಿ ಉಪಕರಣ ಶುದ್ಧಿ ಮಾಡುವ ಆಟೊಕ್ಲೇವ್ ಕೆಲಸ ಮಾಡುವುದೂ ಸುಮಾರಾಗಿ ಇದೇ ಉಷ್ಣತೆಯಲ್ಲಿ. ಒಳಗೆ ನೀರು ಇರುವತನಕ ತಳದ ಬಿಸಿ ಇದಕ್ಕಿಂತ ಬಹಳ ಮೇಲೆ ಏರುವುದಿಲ್ಲ. ನೀರು ಮುಗಿದರೆ ತಡೆಯುವವರು ಯಾರೂ ಇಲ್ಲ. ಆದ್ದರಿಂದ ಒಂದೇ ಅಳತೆಗೋಲು ಸಾಕು: ಯಾವ ಸಲಹೆಯಲ್ಲಿ ಕುಕ್ಕರಿನೊಳಗೆ ನೀರಿದ್ದು ಹಬೆ ಹೊರಬೀಳುವ ದಾರಿ ತೆರೆದಿರುತ್ತದೋ ಅದನ್ನು ಮಾಡಿ ನೋಡಬಹುದು. ಈ ಎರಡರಲ್ಲಿ ಒಂದು ತಪ್ಪಿದರೂ ಬಿಡಬೇಕು.

ಮೊದಲು ನಮ್ಮ ಸೀಮೆಗೆ ಹೊಂದುವ, ಆದರೆ ಯಾವ ಪುರವಣಿಯೂ ಬರೆಯದ ಒಂದು ಉಪಯೋಗ. ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಭತ್ತದ ಹುಲ್ಲಿಗೆ ಬರವಿಲ್ಲ. ಆ ಹುಲ್ಲಿನ ಮೇಲೆ ಅಣಬೆ, ಅದರಲ್ಲೂ ಚಿಪ್ಪಣಬೆ, ಬೆಳೆಯುವ ಹೆಣ್ಣುಮಕ್ಕಳ ಸಂಘಗಳಿಗೆ ತೊಡಕಾಗುವುದು ಬೀಜ, ಅಂದರೆ ಅಣಬೆಯ ಬಿಳಿ ನೂಲು ಹಬ್ಬಿಸಿದ ಕಾಳು. ಅಣಬೆ ಬೀಜ ತಯಾರಾಗುವುದು ನಮ್ಮ ಜೋಳದ ಮೇಲೇ. ಇದಕ್ಕೆ 10 ಲೀಟರಿನ ಕುಕ್ಕರ್ ಸಾಕು.

ಒಂದು ಕಿಲೊ ಜೋಳ ಹಸನು ಮಾಡಿ, ನುಚ್ಚು, ಒಡಕು, ಹುಳ ತಿಂದದ್ದು ತೆಗೆದು ರಾತ್ರಿ ನೆನೆಹಾಕಬೇಕು. ಬೆಳಿಗ್ಗೆ 20ರಿಂದ 30 ನಿಮಿಷ ತೆರೆದ ಪಾತ್ರೆಯಲ್ಲಿ ಕುದಿಸಬೇಕು. ಉಗುರಿನಿಂದ ಒತ್ತಿದರೆ ಕಾಳು ಮೆತ್ತಗಾಗಿರಬೇಕು, ಸಿಪ್ಪೆ ಬಿರಿದಿರಬಾರದು. ಬಿರಿದ ಕಾಳಿನ ಗಂಜಿ ಉಳಿದವನ್ನು ಅಂಟಿಸಿಬಿಡುತ್ತದೆ. ಆಮೇಲೆ ನೀರು ಬಸಿದು, ಬಟ್ಟೆಯ ಮೇಲೆ ನೆರಳಲ್ಲಿ ಹರಡಿ ಮೇಲ್ಮೈ ಆರಿಸಬೇಕು. ಬೀಜ ಕೆಡಿಸಿಕೊಳ್ಳುವವರಲ್ಲಿ ಹೆಚ್ಚಿನವರು ಆತುರಪಡುವುದು ಇಲ್ಲೇ. ಕೈಯಲ್ಲಿ ಹಿಡಿದು ಬಿಟ್ಟರೆ ಅಂಗೈಗೆ ತೇವ ಹತ್ತಬಾರದು. ತೇವ ಹೆಚ್ಚಾದರೆ ಬ್ಯಾಕ್ಟೀರಿಯಾ ಬೆಳೆದು ಕಾಳು ಲೋಳೆಯಾಗಿ ಹುಳಿ ವಾಸನೆ ಬರುತ್ತದೆ. ಆರಿದ ಕಾಳಿಗೆ, ಒಣ ಜೋಳದ ತೂಕದ ಲೆಕ್ಕದಲ್ಲಿ ಕಿಲೊಗೆ 20 ಗ್ರಾಂ ಜಿಪ್ಸಂ, 5 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಬೆರೆಸಬೇಕು. ಜಿಪ್ಸಂ ಕಾಳಿಗೆ ಕಾಳು ಅಂಟದಂತೆ ನೋಡಿಕೊಂಡರೆ, ಇನ್ನೊಂದು ಪುಡಿ ಹುಳಿಯನ್ನು ಹದದಲ್ಲಿಡುತ್ತದೆ.

ತುಂಬಲು ಗಾಜಿನ ಸೀಸೆ ಇಲ್ಲವೇ ಪಾಲಿಪ್ರೊಪಿಲಿನ್ ಚೀಲ ಬೇಕು. ಕಿರಾಣಿ ಅಂಗಡಿಯ ಮಾಮೂಲು ಪಾಲಿಥಿನ್ ಚೀಲ 120 ಡಿಗ್ರಿಗೆ ಕರಗಿ ಕುಕ್ಕರಿನ ತಳಕ್ಕೆ ಹತ್ತಿಕೊಳ್ಳುತ್ತದೆ. ಮೂರರಲ್ಲಿ ಎರಡು ಭಾಗ ಮಾತ್ರ ತುಂಬಿ, ಬಾಯಿಗೆ ನೀರು ಹೀರದ ಹತ್ತಿಯ ಬಿರಡೆ ಒತ್ತಿ, ಅದರ ಮೇಲೆ ಕಾಗದ ಕಟ್ಟಬೇಕು. ಕಾಗದ ಕಟ್ಟದಿದ್ದರೆ ಮುಚ್ಚಳದಿಂದ ತೊಟ್ಟಿಕ್ಕುವ ನೀರಿಗೆ ಹತ್ತಿ ತೊಯ್ದು, ಮುಂದೆ ಅದೇ ಹತ್ತಿಯ ಮೂಲಕ ಬೂಷ್ಟು ಒಳಗಿಳಿಯುತ್ತದೆ. ಕುಕ್ಕರಿನ ತಳದಲ್ಲಿ ತೂತಿನ ತಟ್ಟೆ ಇಟ್ಟು, ಒಂದೂವರೆಯಿಂದ ಎರಡು ಲೀಟರ್ ನೀರು ಹೊಯ್ದು, ಸೀಸೆಗಳನ್ನು ನೀರಿನ ಮಟ್ಟಕ್ಕಿಂತ ಮೇಲೆ ನಿಲ್ಲಿಸಬೇಕು.

ಮುಚ್ಚಳ ಹಾಕಿದ ಕೂಡಲೇ ವೆಯ್ಟ್ ಹಾಕಬಾರದು. ಕೊಳವೆಯಿಂದ ಹಬೆ ಒಂದೇ ಸಮನೆ, ನೇರ ಗೆರೆಯಲ್ಲಿ ಬರಲು ಶುರುವಾದ ಮೇಲೂ 5ರಿಂದ 10 ನಿಮಿಷ ಹಾಗೇ ಬಿಡಬೇಕು. ಒಳಗಿನ ಗಾಳಿಯೆಲ್ಲ ಹೊರಗೆ ಹೋಗಲಿ. ಗಾಳಿ ಉಳಿದರೆ ಸೀಟಿ ಕೂಗುತ್ತದೆ, ಒತ್ತಡವೂ ಬಂದಂತೆ ಕಾಣುತ್ತದೆ, ಆದರೆ ಬಿಸಿ 120 ಡಿಗ್ರಿ ಮುಟ್ಟಿರುವುದಿಲ್ಲ. ‘ಕುಕ್ಕರಿನಲ್ಲಿಟ್ಟರೂ ಬೀಜ ಹಸಿರಾಯಿತು’ ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ. ವೆಯ್ಟ್ ಹಾಕಿ ಮೊದಲ ಸೀಟಿ ಬಂದ ಮೇಲೆ ಉರಿ ಪೂರ್ತಿ ಸಣ್ಣಗೆ ಮಾಡಿ 60ರಿಂದ 90 ನಿಮಿಷ ಹಿಡಿಯಬೇಕು. ಸೀಟಿ ಒಂದರ ಹಿಂದೆ ಒಂದು ಕೂಗುತ್ತಿದ್ದರೆ ಉರಿ ಜಾಸ್ತಿ ಎಂದೇ ಅರ್ಥ. ಅಷ್ಟು ನೀರು ಹೊರಗೆ ಹೋಗಿ ಕೊನೆಗೆ ತಳ ಒಣಗುತ್ತದೆ. ಒಲೆ ಆರಿಸಿದ ಮೇಲೆ ವೆಯ್ಟ್ ಎತ್ತಿ ಹಬೆ ಬಿಡುವ ಚಾಳಿ ಇಲ್ಲಿ ಬೇಡ. ಒತ್ತಡ ಥಟ್ಟನೆ ಇಳಿದರೆ ಬಿರಡೆ ಹಾರುತ್ತದೆ, ಚೀಲ ಒಡೆಯುತ್ತದೆ, ಗಾಜು ಸೀಳುತ್ತದೆ. ತಾನಾಗಿಯೇ ಆರಿ, ರಾತ್ರಿಯೆಲ್ಲ ತಣ್ಣಗಾದ ಮೇಲೆ, ಗಾಳಿ ಬೀಸದ ಕೋಣೆಯಲ್ಲಿ ದೀಪದ ಉರಿಯ ಪಕ್ಕದಲ್ಲೇ ತಾಯಿಬೀಜ, ಅಂದರೆ ಅಣಬೆಯ ನೂಲು ಮೊದಲೇ ಹಬ್ಬಿರುವ ಕಾಳು, ಬೆರೆಸಬೇಕು. ತಾಯಿಬೀಜವನ್ನು ನಂಬಿಕಸ್ತ ಸಂಸ್ಥೆಯಿಂದಲೇ ತರಬೇಕು, ಅದನ್ನು ಅಡುಗೆಮನೆಯಲ್ಲಿ ಹುಟ್ಟಿಸಲಾಗದು. 25 ಡಿಗ್ರಿ ಸುತ್ತಮುತ್ತ ಇಟ್ಟರೆ ಎರಡು ಮೂರು ವಾರದಲ್ಲಿ ಕಾಳೆಲ್ಲ ಬಿಳಿ ನೂಲಿನಿಂದ ಮುಚ್ಚಿಹೋಗುತ್ತದೆ. 40 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಇದಕ್ಕೆ ಕೈಹಾಕುವುದು ಬೇಡ, ನವೆಂಬರಿನಿಂದ ಫೆಬ್ರುವರಿವರೆಗಿನ ಚಳಿಗಾಲವೇ ಸರಿ. ಹುಲ್ಲನ್ನು ಮಾತ್ರ ಕುಕ್ಕರಿನಲ್ಲಿ ಬೇಯಿಸಲು ಹೋಗಬೇಡಿ, ಹಿಡಿ ಹುಲ್ಲಿಗೆ ಜಾಗ ತುಂಬಿಹೋಗುತ್ತದೆ. ಅದಕ್ಕೆ ಡ್ರಮ್ಮಿನ ಬಿಸಿನೀರೇ ಲೇಸು.

ಎರಡನೆಯದು ಮೆಣಸಿನಕಾಯಿ, ಟೊಮೆಟೊ, ಬದನೆ ಸಸಿ ಎಬ್ಬಿಸುವ ಮಣ್ಣಿನ ಶುದ್ಧಿ. ಮೊಳಕೆ ಬಂದು ಎರಡೆಲೆ ಬಿಡುವಷ್ಟರಲ್ಲಿ ಸಸಿ ಬುಡದಲ್ಲಿ ಕೊಳೆತು ಒರಗುವ ರೋಗ ಹೆಚ್ಚಾಗಿ ಮಣ್ಣಿನಲ್ಲಿರುವ ಶಿಲೀಂಧ್ರಗಳಿಂದ ಬರುತ್ತದೆ. ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಸಮಪಾಲು ಸೇರಿಸಿ, ಸಾಣಿಗಿ ಹಿಡಿದು, ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗಿ ಬೆರಳು ಮುಟ್ಟಿಸಿದರೆ ಉದುರುವಷ್ಟು ತೇವ ಮಾಡಬೇಕು. ಒಣ ಮಣ್ಣಿಗೆ ಹಬೆ ತಾಕಿದರೂ ಬಿಸಿ ಒಳಗೆ ಸರಿಯಾಗಿ ಇಳಿಯುವುದಿಲ್ಲ. ಹಳೆಯ ಡಬ್ಬಿಯಲ್ಲಿ ಮೂರು ಅಂಗುಲದಷ್ಟು ದಪ್ಪ ತುಂಬಿ, ನಡುವೆ ನಿಂಬೆಹಣ್ಣಿನ ಗಾತ್ರದ ಆಲೂಗಡ್ಡೆ ಹೂಳಬೇಕು. ಕುಕ್ಕರಿನಲ್ಲಿ ಒಂದು ಲೀಟರ್ ನೀರು, ಮುಚ್ಚಳಕ್ಕೆ ರಬ್ಬರ್ ಇರಲಿ, ವೆಯ್ಟ್ ಬೇಡ. ಹಬೆ ಸಮನಾಗಿ ಬರತೊಡಗಿದ ಮೇಲೆ ಸಣ್ಣ ಉರಿಯಲ್ಲಿ 30 ನಿಮಿಷ. ತೆಗೆದಾಗ ಆಲೂಗಡ್ಡೆ ಬೆಂದಿದ್ದರೆ ಬಿಸಿ ನಡುವಿಗೂ ಮುಟ್ಟಿದೆ ಎಂದರ್ಥ, ಇಲ್ಲವಾದರೆ ಇನ್ನು ಹತ್ತು ನಿಮಿಷ.

ವೆಯ್ಟ್ ಏಕೆ ಬೇಡವೆಂದರೆ ಈ ಕೆಲಸಕ್ಕೆ ಮಣ್ಣಿನ ನಡುಭಾಗ ಅರ್ಧ ಗಂಟೆ 80 ಡಿಗ್ರಿ ಕಂಡರೆ ಸಾಕು. ಒತ್ತಡದಲ್ಲಿ ಬೇಯಿಸಿದರೆ ಒಳ್ಳೆಯ ಜೀವಿಗಳೂ ಪೂರ್ತಿ ಸಾಯುತ್ತವೆ, ಗೊಬ್ಬರದ ಸಾರಜನಕ ಅಮೋನಿಯಾ ಆಗುತ್ತದೆ, ಮ್ಯಾಂಗನೀಸ್ ಅತಿಯಾಗಿ ಬಿಡುಗಡೆಯಾಗಿ ಸಸಿಯ ಎಲೆ ಸುಡುತ್ತದೆ. ಬೇಯಿಸಿದ ಮಣ್ಣನ್ನು ಎರಡು ಮೂರು ದಿನ ಹರಡಿಟ್ಟು ಬಿತ್ತಬೇಕು. ರೋಗದ ಶಿಲೀಂಧ್ರಗಳನ್ನು ಹತ್ತಿಕ್ಕುವ ಟ್ರೈಕೊಡರ್ಮಾ ಎಂಬ ಶಿಲೀಂಧ್ರ ಬೆರೆಸುವುದಿದ್ದರೆ ಮಣ್ಣು ಪೂರ್ತಿ ತಣ್ಣಗಾದ ಮೇಲೆ. ಅಣಬೆ ಬೀಜದ ಸೀಸೆಯಲ್ಲಿ ಹಸಿರಾಗಿ ಕಾಣಿಸಿಕೊಂಡು ಕೆಲಸ ಕೆಡಿಸುವುದೂ ಬಹಳ ಸಲ ಇದೇ ಟ್ರೈಕೊಡರ್ಮಾ. ಆದ್ದರಿಂದ ಎರಡೂ ಕೆಲಸ ಒಂದೇ ಕೋಣೆಯಲ್ಲಿ ಇಟ್ಟುಕೊಳ್ಳಬೇಡಿ. ಮಣ್ಣು ಬೇಯಿಸಿದ ಡಬ್ಬಿ ಮರಳಿ ಅನ್ನಕ್ಕೆ ಬೇಡ ಎಂದು ಹೇಳಬೇಕಾಗಿಲ್ಲ. ಇದು ಮನೆ ಹಿತ್ತಲಿನ ಒಂದೆರಡು ಟ್ರೇಗೆ ಮಾತ್ರ. ಹೊಲದ ಲೆಕ್ಕದಲ್ಲಿ ಸಸಿಮಡಿ ಮಾಡುವವರು ಬೇಸಿಗೆಯಲ್ಲಿ ಮಡಿಗೆ ನೀರುಣಿಸಿ, ತೆಳು ಪಾರದರ್ಶಕ ಪಾಲಿಥಿನ್ ಹಾಳೆ ಬಿಗಿಯಾಗಿ ಹೊದಿಸಿ ನಾಲ್ಕರಿಂದ ಆರು ವಾರ ಬಿಟ್ಟರೆ ನಮ್ಮ ಬಿಸಿಲೇ ಆ ಕೆಲಸ ಮಾಡುತ್ತದೆ, ಅದೂ ಪುಕ್ಕಟೆ.

ಗ್ಯಾಸ್ ಉಳಿಸುವ ಸಲಹೆಗಳಲ್ಲಿ ಎಲ್ಲರೂ ಸೀಟಿ ಎಣಿಸುತ್ತಾರೆ. ಸೀಟಿ ಗಡಿಯಾರವಲ್ಲ. ದೊಡ್ಡ ಉರಿಯಲ್ಲಿ ನಾಲ್ಕು ಸೀಟಿ ಮೂರು ನಿಮಿಷದಲ್ಲಿ ಮುಗಿಯಬಹುದು, ಸಣ್ಣ ಉರಿಯಲ್ಲಿ ಒಂದು ಸೀಟಿಗೇ ಐದು ನಿಮಿಷ ಹಿಡಿಯಬಹುದು. ಬೇಳೆ ಬೇಯುವುದು ಬಿಸಿಯಲ್ಲಿ ಕಳೆದ ಹೊತ್ತಿನಿಂದಲೇ ಹೊರತು ಕೂಗಿದ ಲೆಕ್ಕದಿಂದಲ್ಲ. ಇದು ತಿಳಿದರೆ ಕುಕ್ಕರನ್ನು ಒಲೆಯಿಂದ ಇಳಿಸಿಯೂ ಅಡುಗೆ ಮಾಡಬಹುದು. ಒಂದು ಕಟ್ಟಿಗೆಯ ಇಲ್ಲವೇ ದಪ್ಪ ರಟ್ಟಿನ ಪೆಟ್ಟಿಗೆಯ ತಳಕ್ಕೂ ಸುತ್ತಲಿಗೂ ಮೂರು ನಾಲ್ಕು ಅಂಗುಲ ಹಿಂಜಿದ ಹತ್ತಿ ಒತ್ತಬೇಕು. ರಾಯಚೂರಿನವರಿಗೆ ಹತ್ತಿ ಎಲ್ಲಿಂದ ತರಬೇಕೆಂದು ಹೇಳುವ ಅಗತ್ಯವಿಲ್ಲ. ಹತ್ತಿಯ ಮೇಲೆ ಗೋಣಿ ಹೊಲಿದು ಕುಕ್ಕರ್ ಕೂರುವಷ್ಟು ಗುಳಿ ಬಿಡಬೇಕು, ಮೇಲೆ ಮುಚ್ಚಲು ಮಡಿಸಿದ ಕೌದಿ. ತೊಗರಿಬೇಳೆಯನ್ನು ಅರ್ಧ ಗಂಟೆ ನೆನೆಸಿ, ಪೂರ್ತಿ ಒತ್ತಡ ಬಂದ ಮೇಲೆ ಸಣ್ಣ ಉರಿಯಲ್ಲಿ ಮೂರು ನಿಮಿಷ ಇಟ್ಟು, ಒಲೆ ಆರಿಸಿ, ವೆಯ್ಟ್ ತೆಗೆಯದೆ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರೆ 30ರಿಂದ 40 ನಿಮಿಷದಲ್ಲಿ ಉಳಿದ ಬೇಯುವಿಕೆ ಅಲ್ಲೇ ಮುಗಿಯುತ್ತದೆ. ಕುಕ್ಕರ್ ತುಂಬಿದ್ದಷ್ಟೂ ಬಿಸಿ ಹೆಚ್ಚು ಹೊತ್ತು ನಿಲ್ಲುತ್ತದೆ, ಅರ್ಧ ಬಟ್ಟಲು ಬೇಳೆಗೆ ಈ ಉಪಾಯ ಫಲಿಸುವುದಿಲ್ಲ. ಹಾಗೆಂದು ಮಿತಿ ಮೀರಿಯೂ ತುಂಬಬಾರದು: ಅನ್ನ, ಸಾರಿಗೆ ಮೂರರಲ್ಲಿ ಎರಡು ಭಾಗ, ನೊರೆ ಉಕ್ಕುವ ಬೇಳೆಕಾಳಿಗೆ ಅರ್ಧಕ್ಕಿಂತ ಕಡಿಮೆ. ಹತ್ತಿಯ ಬದಲು ಥರ್ಮಾಕೋಲ್ ಹಾಕಿದರೆ ಕುಕ್ಕರಿನ ಬಿಸಿಗೆ ಅದು ಮೆತ್ತಗಾಗಿ ಕುಗ್ಗುತ್ತದೆ. ಹಾಗೆಯೇ, ಬೆಂದ ಪದಾರ್ಥವನ್ನು ಬೆಳಗಿನಿಂದ ಸಂಜೆಯವರೆಗೆ ಅದೇ ಪೆಟ್ಟಿಗೆಯಲ್ಲಿ ಬಿಡಬಾರದು. ಬಿಸಿ 60 ಡಿಗ್ರಿಗಿಂತ ಕೆಳಗಿಳಿದು ಬೆಚ್ಚಗೆ ಉಳಿದ ಅನ್ನ, ಬೇಳೆಯಲ್ಲಿ ರೋಗಾಣು ಬೆಳೆಯುತ್ತವೆ.

ಚಳಿಗಾಲದಲ್ಲಿ ಮೊಸರು ಹೆಪ್ಪಾಗದಿದ್ದರೆ, ಇಡ್ಲಿ ಹಿಟ್ಟು ಉಬ್ಬದಿದ್ದರೆ ಇದೇ ಪೆಟ್ಟಿಗೆ ಮತ್ತೆ ಬರುತ್ತದೆ. ಕುಕ್ಕರಿನಲ್ಲಿ ಕೈ ತಾಳುವಷ್ಟು, ಅಂದರೆ ಸುಮಾರು 45 ಡಿಗ್ರಿಯ ನೀರು ಒಂದು ಲೀಟರ್ ಹಾಕಿ ಅದರಲ್ಲಿ ಹಾಲಿನ ಡಬ್ಬಿ ಇಟ್ಟು ಮುಚ್ಚಿ ಕೂರಿಸಿದರೆ ನಾಲ್ಕೈದು ಗಂಟೆ ಸಾಕು. ಬೇಸಿಗೆಯಲ್ಲಿ ಇದರ ಗೊಡವೆ ಬೇಡ, ಹಾಗೇ ಹುಳಿಯಾಗುತ್ತದೆ.

ಉಪ್ಪಿನಕಾಯಿ ಹಾಕುವ ಕಾಲಕ್ಕೆ ಗಾಜಿನ ಭರಣಿ ಶುದ್ಧಿ ಮಾಡಲು ಕುಕ್ಕರ್ ಅನುಕೂಲ. ತಳಕ್ಕೆ ತಟ್ಟೆ ಇಟ್ಟು, ಭರಣಿಗಳನ್ನು ತಣ್ಣೀರಿನಲ್ಲೇ ಕೂರಿಸಿ ಜೊತೆಗೇ ಕಾಯಿಸಬೇಕು, ಕುದಿ ಬಂದ ಮೇಲೆ 10 ನಿಮಿಷ, ವೆಯ್ಟ್ ಇಲ್ಲದೆ. ಕುದಿಯುವ ನೀರಿಗೆ ತಣ್ಣನೆ ಗಾಜು ಇಳಿಸಿದರೆ ಸೀಳುತ್ತದೆ. ತೆಗೆದು ಬಟ್ಟೆಯ ಮೇಲೆ ಬೋರಲು ಹಾಕಿ, ನೀರಿಳಿದ ಮೇಲೆ ಬಿಸಿಲಿಗಿಡಬೇಕು. ಭರಣಿಯ ಮೂಲೆಯಲ್ಲಿ ಉಳಿದ ನಾಲ್ಕು ಹನಿ ನೀರೇ ಮಾವಿನಕಾಯಿ ಮೇಲೆ ಬೂಷ್ಟು ಕಟ್ಟಿಸುವುದು. ಪ್ಲಾಸ್ಟಿಕ್ ಮುಚ್ಚಳ ಹೊರಗೇ ಇರಲಿ. ಪಿಂಗಾಣಿ ಭರಣಿಯ ಹೊಳಪು ಬಿರುಕು ಬಿಟ್ಟಿದ್ದರೆ ಹಬೆಗೆ ಹಿಡಿಯಬೇಡಿ, ಬಿರುಕಿನೊಳಗೆ ಹೋದ ನೀರು ಬಿಸಿಲಿಗೂ ಬೇಗ ಆರುವುದಿಲ್ಲ. ಮಗುವಿನ ಹಾಲಿನ ಗಾಜಿನ ಬಾಟಲಿಗೂ ಇದೇ ಕ್ರಮ.

ಕಲ್ಲಾದ ಬೆಲ್ಲವನ್ನು ಡಬ್ಬಿಯಲ್ಲಿಟ್ಟು ವೆಯ್ಟ್ ಇಲ್ಲದೆ ಮೂರರಿಂದ ಐದು ನಿಮಿಷ ಹಬೆ ಕೊಟ್ಟರೆ ಚಾಕು ಇಳಿಯುತ್ತದೆ. ಡಬ್ಬಿಗೆ ಮುಚ್ಚಳ ಇರಲಿ, ಇಲ್ಲವಾದರೆ ಪಾಕವಾಗುತ್ತದೆ. ಹರಳುಗಟ್ಟಿದ ಜೇನಿಗೆ ಹಬೆ ಬೇಡ, ಒಲೆ ಆರಿಸಿದ ಬೆಚ್ಚನೆ ನೀರಿನಲ್ಲಿ ಸೀಸೆ ನಿಲ್ಲಿಸಿದರೆ ಸಾಕು. ಕಟಕ ರೊಟ್ಟಿ ಹಲ್ಲಿಲ್ಲದ ಹಿರಿಯರಿಗೆ ಬೇಕಾದಾಗ ನೀರು ಚಿಮುಕಿಸಿ ತಟ್ಟೆಯ ಮೇಲೆ ಅರ್ಧ ನಿಮಿಷ ಹಬೆ ಕಾಣಿಸಿದರೆ ಮಡಚಲು ಬರುತ್ತದೆ. ಒಂದು ನಿಮಿಷ ದಾಟಿದರೆ ಹಿಟ್ಟಾಗುತ್ತದೆ. ಮೆತ್ತಗಾದ ಮಂಡಾಳಿಗೆ (ಮಂಡಕ್ಕಿಗೆ) ಮಾತ್ರ ಕುಕ್ಕರಿನಿಂದ ಯಾವ ಉಪಕಾರವೂ ಇಲ್ಲ, ಅದಕ್ಕೆ ಬೇಕಾದದ್ದು ಒಣ ಬಿಸಿ.

ಒಣ ಬಿಸಿ ಎಂದ ಕೂಡಲೇ ಕೇಕಿನ ವಿಷಯ ಬರುತ್ತದೆ. ಕುಕ್ಕರಿನ ತಳಕ್ಕೆ ಎರಡು ಬಟ್ಟಲು ಉಪ್ಪೋ ಮರಳೋ ಹಾಕಿ, ರಬ್ಬರ್ ಮತ್ತು ವೆಯ್ಟ್ ತೆಗೆದು, ಹತ್ತು ನಿಮಿಷ ಕಾಯಿಸಿ, ಒಳಗೆ ಡಬ್ಬಿ ಇಟ್ಟು ಬೇಯಿಸುವುದು ಕ್ರಮ. ಕೇಕ್ ಆಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಕುಕ್ಕರಿಗೆ ಏನಾಗುತ್ತದೆ? ತಗಡನ್ನು ಒತ್ತಿ ಎಳೆದು ಪಾತ್ರೆ ಮಾಡುವಾಗ ಅಲ್ಯೂಮಿನಿಯಮ್ಮಿಗೆ ಒಂದು ಬಿಗುವು ಬಂದಿರುತ್ತದೆ. ಒಣ ಉರಿಯಲ್ಲಿ ತಳ 300 ಡಿಗ್ರಿ ದಾಟಿದರೆ ಆ ಬಿಗುವು ಸಡಿಲವಾಗುತ್ತದೆ. ಉಪ್ಪು ಬಿಸಿಯನ್ನು ಹಿಡಿದು ಡಬ್ಬಿಗೆ ಹಂಚುತ್ತದೆಯೇ ಹೊರತು, ಉರಿ ತಾಗುವ ತಳವನ್ನು ನೀರು ತಣಿಸುವಂತೆ ತಣಿಸುವುದಿಲ್ಲ. ಕೆಲವು ಸಲ ಹೀಗೆ ಮಾಡಿದ ಮೇಲೆ ಕುಕ್ಕರನ್ನು ಸಪಾಟು ಕಲ್ಲಿನ ಮೇಲಿಟ್ಟು ನೋಡಿ: ತಳ ಉಬ್ಬಿ ತಿರುಗತೊಡಗಿರುತ್ತದೆ, ಬಾಯಿಯ ದುಂಡು ಕೆಟ್ಟು ಮುಚ್ಚಳ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಆ ಪಾತ್ರೆಯಲ್ಲಿ ನಾಳೆ ಮತ್ತೆ ಒತ್ತಡದ ಅಡುಗೆ ಮಾಡುತ್ತೀರಿ ಎನ್ನುವುದೇ ತೊಂದರೆ. ಸ್ಟೀಲ್ ಕುಕ್ಕರ್ ಆದರೆ ತಳಕ್ಕೆ ಅಂಟಿಸಿದ ಅಲ್ಯೂಮಿನಿಯಂ ಪದರ ಬಿಟ್ಟುಕೊಳ್ಳುವ ಅಪಾಯವಿದೆ. ಜೊತೆಗೆ, ಸೇಫ್ಟಿ ವಾಲ್ವಿನಲ್ಲಿರುವುದು ಬೇಗ ಕರಗುವ ಲೋಹದ ಬಿಲ್ಲೆ. ನೀರು ಬತ್ತಿ ಬಿಸಿ ಏರಿದಾಗ ಕರಗಲೆಂದೇ ಅದನ್ನು ಇಟ್ಟಿರುವುದು, ಕೇಕ್ ಮಾಡುವಾಗಲೂ ಅದು ತನ್ನ ಕೆಲಸ ಮಾಡಿ ಕರಗಬಹುದು. ಶೇಂಗಾ ಹುರಿಯಲು ಕಬ್ಬಿಣದ ಬಾಣಲೆ, ಕೇಕಿಗೆ ದಪ್ಪ ತಳದ ಹಳೆಯ ಪಾತ್ರೆ ಮತ್ತು ತಟ್ಟೆ ಮುಚ್ಚಳ, ಇಷ್ಟರಲ್ಲೇ ಆಗುವುದಕ್ಕೆ ಕುಕ್ಕರ್ ಕೆಡಿಸುವುದೇಕೆ?

ಸೀಟಿ ಕೊಳವೆಗೆ ಪೈಪು ಸಿಕ್ಕಿಸಿ ಮೂಗಿಗೆ ಹಿಡಿಯುವ ಸಲಹೆ ಕೊರೊನಾ ಕಾಲದಿಂದ ತಿರುಗಾಡುತ್ತಿದೆ. ಅದನ್ನು ಅಚ್ಚು ಹಾಕುವುದನ್ನೇ ನಿಲ್ಲಿಸಬೇಕೆಂದು ಕೇಳಿಕೊಳ್ಳುತ್ತೇವೆ. ಆ ಕೊಳವೆ ಕುಕ್ಕರಿನ ಉಸಿರು. ಪೈಪು ಮಡಚಿದರೆ, ಬಿಸಿಗೆ ಮೆತ್ತಗಾಗಿ ಅಂಟಿಕೊಂಡರೆ ಹಬೆಗೆ ದಾರಿಯೇ ಇಲ್ಲ. ಪೈಪಿನಲ್ಲಿ ತಣಿದು ನಿಂತ ನೀರು ಕುದಿನೀರಾಗಿಯೇ ಮುಖಕ್ಕೆ ಚಿಮ್ಮುತ್ತದೆ. ಹಬೆಯ ಸುಟ್ಟಗಾಯ ಕುದಿನೀರಿನದಕ್ಕಿಂತ ಆಳ, ಏಕೆಂದರೆ ಹಬೆ ಚರ್ಮದ ಮೇಲೆ ನೀರಾಗುವಾಗ ತನ್ನೊಳಗೆ ಅಡಗಿಸಿಕೊಂಡ ಬಿಸಿಯನ್ನೆಲ್ಲ ಅಲ್ಲೇ ಬಿಡುತ್ತದೆ. 1679ರಲ್ಲಿ ಫ್ರಾನ್ಸಿನ ವಿಜ್ಞಾನಿ ಡೆನಿ ಪಾಪಿನ್ ಮೂಳೆ ಮೆತ್ತಗೆ ಮಾಡಲೆಂದು ಕಟ್ಟಿದ, ಇಂದಿನ ಕುಕ್ಕರಿನ ಮೂಲಪುರುಷನಾದ ಯಂತ್ರಕ್ಕೂ ಸೇಫ್ಟಿ ವಾಲ್ವ್ ಸೇರಿಸಬೇಕಾಯಿತು. ಹಬೆಗೆ ಸದಾ ತೆರೆದ ಬಾಗಿಲು ಬೇಕೆಂಬುದು ಅಷ್ಟು ಹಳೆಯ ಪಾಠ. ನೆಗಡಿಗೆ ಅಗಲ ಬಾಯಿಯ ಬೋಗುಣಿಯಲ್ಲಿ ಒಲೆಯಿಂದ ಇಳಿಸಿದ ನೀರು ಸಾಕು.

ಬ್ಯಾಟರಿ ನೀರಿನ ಲೆಕ್ಕ ಸ್ವಲ್ಪ ನೋಡೋಣ. ಒಂದು ಲೀಟರ್ ನೀರನ್ನು ಕಾಯಿಸಿ ಪೂರ್ತಿ ಹಬೆ ಮಾಡಲು ಸುಮಾರು 26 ಲಕ್ಷ ಜೂಲ್ ಶಾಖ ಬೇಕು. ಒಂದು ಕಿಲೊ ಅಡುಗೆ ಅನಿಲದಲ್ಲಿ ಸುಮಾರು 460 ಲಕ್ಷ ಜೂಲ್ ಇದೆ, ಒಲೆಯಲ್ಲಿ ಪಾತ್ರೆಗೆ ತಲುಪುವುದು ಅದರ ಶೇಕಡ 60ರ ಸುತ್ತಮುತ್ತ. ಅಲ್ಲಿಗೆ ಲೀಟರಿಗೆ 90ರಿಂದ 100 ಗ್ರಾಂ ಗ್ಯಾಸ್ ಆಯಿತು. 14.2 ಕಿಲೊ ಸಿಲಿಂಡರ್ ಇಡೀ ಸುಟ್ಟರೆ ಸುಮಾರು 150 ಲೀಟರ್. ಇಷ್ಟೇ ಆಗಿದ್ದರೆ ಅಂಗಡಿಯ ನೀರಿಗಿಂತ ಅಗ್ಗವೆನ್ನಬಹುದಿತ್ತು. ಆದರೆ ಆ ಹಬೆಯನ್ನು ತಣಿಸಬೇಕಲ್ಲ? ಒಂದು ಲೀಟರ್ ನೀರಿನಿಂದಾದ ಹಬೆ ಮತ್ತೆ ನೀರಾಗುವಾಗ 15 ಲೀಟರಿನ ಬಕೆಟ್ಟಿನ ನೀರನ್ನು 36 ಡಿಗ್ರಿಯಷ್ಟು ಏರಿಸುತ್ತದೆ. ನಮ್ಮ ಟ್ಯಾಂಕಿನ ನೀರು ಬೇಸಿಗೆಯಲ್ಲಿ ಮೊದಲೇ ಬಿಸಿ, ಒಂದು ಲೀಟರ್ ಇಳಿಯುವಷ್ಟರಲ್ಲಿ ಬಕೆಟ್ಟನ್ನು ಒಂದೆರಡು ಸಲ ಬದಲಿಸಬೇಕಾಗುತ್ತದೆ. ಕುದಿ ಜೋರಾದರೆ ಹಬೆಯ ಜೊತೆ ಸವಳು ನೀರಿನ ಸಣ್ಣ ಹನಿಗಳೂ ಹಾರಿ ಹೋಗಿ ಇಳಿಸಿದ ನೀರು ಶುದ್ಧವಾಗಿ ಉಳಿಯುವುದಿಲ್ಲ. ಬ್ಯಾಟರಿಯ ಸೀಸದ ತಗಡಿಗೆ ಕ್ಲೋರೈಡ್, ಕಬ್ಬಿಣದ ಅಂಶ ಅಲ್ಪವಿದ್ದರೂ ಹಾನಿ. ಇಷ್ಟಕ್ಕೂ ಮತ್ತೆ ಕೊಳವೆಗೆ ಪೈಪು ಸಿಕ್ಕಿಸಬೇಕು. ಸಾವಿರಾರು ರೂಪಾಯಿಯ ಬ್ಯಾಟರಿಗೆ ಐದು ಹತ್ತು ರೂಪಾಯಿಯ ಉಳಿತಾಯ ತಕ್ಕುದಲ್ಲ.

ನೀರಿನ ಮಾತು ಬಂದದ್ದಕ್ಕೆ ಇನ್ನೊಂದು. ರಾಯಚೂರು, ಕೊಪ್ಪಳ, ಬಳ್ಳಾರಿಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕದ ಮಿತಿ. ಕುಕ್ಕರಿನಲ್ಲಿ ಕುದಿಸಿದರೆ ನೀರು ಶುದ್ಧವಾಯಿತೆಂದು ನಂಬುವವರು ತಿಳಿಯಬೇಕಾದದ್ದು: ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.

ಇಂಥ ನೀರಿನಲ್ಲಿ ದಿನಾ ಕುದಿಯುವ ಕುಕ್ಕರಿನ ಒಳಗೆ ಸುಣ್ಣದ ಬಿಳಿ ಪದರ ಕಟ್ಟುತ್ತದೆ, ಅಲ್ಯೂಮಿನಿಯಂ ಆದರೆ ಕಪ್ಪಗೂ ಆಗುತ್ತದೆ. ಪದರ ದಪ್ಪವಾದಷ್ಟೂ ಬಿಸಿ ಒಳಗಿಳಿಯಲು ತಡ, ಗ್ಯಾಸ್ ಹೆಚ್ಚು. ಲೀಟರ್ ನೀರಿಗೆ ಒಂದು ದೊಡ್ಡ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ), ಇಲ್ಲವೇ ನಿಂಬೆ ಗಾತ್ರದ ಹುಣಸೆ ಹಾಕಿ, ಪದರ ಮುಳುಗುವಷ್ಟು ನೀರಿನಲ್ಲಿ ಹತ್ತು ನಿಮಿಷ ತೆರೆದು ಕುದಿಸಿ, ತಣ್ಣಗಾದ ಮೇಲೆ ತಿಕ್ಕಿದರೆ ಬಿಡುತ್ತದೆ. ಡಬ್ಬಿ ಇಟ್ಟು ಅಡುಗೆ ಮಾಡುವಾಗ ತಳದ ನೀರಿಗೆ ಹಿಂಡಿದ ನಿಂಬೆ ಸಿಪ್ಪೆ ಹಾಕಿದರೆ ಕಪ್ಪಾಗುವುದೇ ಇಲ್ಲ. ಪುಂಡಿಪಲ್ಯ ಬೇಯಿಸಿದ ದಿನ ಅಲ್ಯೂಮಿನಿಯಂ ಕುಕ್ಕರ್ ಒಳಗೆ ಬೆಳ್ಳಗೆ ಹೊಳೆಯುವುದೂ ಇದೇ ಹುಳಿಯಿಂದ. ಬಿಟ್ಟ ಕಪ್ಪೆಲ್ಲ ಪಲ್ಯದಲ್ಲಿ ಸೇರಿರುತ್ತದೆ, ಆದ್ದರಿಂದ ಪುಂಡಿಪಲ್ಯಕ್ಕೆ ಸ್ಟೀಲ್ ಇಲ್ಲವೇ ಮಣ್ಣಿನ ಗಡಿಗೆಯೇ ಸರಿ. ಒಗೆಯುವ ಸೋಡಾ ಹಾಕಿ ಒರೆಸುವ ಬಟ್ಟೆ ಕುದಿಸುವ ಉಪಾಯವೂ ಸ್ಟೀಲ್ ಕುಕ್ಕರಿಗೆ ಮಾತ್ರ. ಸೋಡಾ ಅಲ್ಯೂಮಿನಿಯಮ್ಮನ್ನು ನೊರೆಯೆಬ್ಬಿಸುತ್ತ ತಿನ್ನುತ್ತದೆ.

ಮೇಲಿನ ಯಾವ ಕೆಲಸಕ್ಕೆ ಮೊದಲೂ ಕೊಳವೆಯನ್ನು ಬೆಳಕಿಗೆ ಹಿಡಿದು ಆಚೆ ಕಾಣುತ್ತದೆಯೇ ನೋಡಬೇಕು. ಹುಣಸೆ ಸಿಪ್ಪೆ, ಬೇಳೆಯ ನೊರೆ ಒಣಗಿ ಅಲ್ಲಿ ಕೂತಿರುತ್ತದೆ. ಪೊರಕೆ ಕಡ್ಡಿಯಿಂದ ಚುಚ್ಚುವವರೇ ಹೆಚ್ಚು. ಕಡ್ಡಿ ಒಳಗೇ ಮುರಿದು ಬಿರಡೆಯಾಗುತ್ತದೆ, ದಬ್ಬಳವೋ ತಂತಿಯೋ ಬಳಸಿ. ಕೊಳ್ಳುವಾಗ ಐಎಸ್‌ಐ ಮುದ್ರೆ ಮತ್ತು ಐಎಸ್ 2347 ಸಂಖ್ಯೆ ನೋಡಿ. ಸೇಫ್ಟಿ ವಾಲ್ವ್ ಕರಗಿದರೆ ಅದೇ ಕಂಪನಿಯದನ್ನೇ ಹಾಕಿಸಬೇಕು. ಬೋಲ್ಟು ಬಿಗಿದು ತೂತು ಮುಚ್ಚಿಸಿಕೊಂಡು ಹೋಗುವವರು ಇನ್ನೂ ಇದ್ದಾರೆ. ಅದು ರಿಪೇರಿಯಲ್ಲ.

ರಬ್ಬರ್ ಗಟ್ಟಿಯಾಗಿ ಬಾಗಿಸಿದಾಗ ಸಣ್ಣ ಬಿರುಕು ಕಂಡರೆ ಅದರ ಕೆಲಸ ಮುಗಿಯಿತು. ಫ್ರಿಜ್ಜಿನಲ್ಲಿಟ್ಟರೆ ಸ್ವಲ್ಪ ಕುಗ್ಗಿ ಒಂದು ಹೊತ್ತು ಕೂರಬಹುದು, ಗಟ್ಟಿಯಾದ ರಬ್ಬರ್ ಮತ್ತೆ ಮೆತ್ತಗಾಗುವುದಿಲ್ಲ. ನೂಲು ಸುತ್ತುವುದು, ಹಿಟ್ಟು ಮೆತ್ತುವುದು ಬೇಡ. ತೆಗೆದ ರಬ್ಬರ್ ದುಂಡು ತಳದ ಕೊಡಕ್ಕೆ ಸಿಂಬೆಯಾಗುತ್ತದೆ, ಜಾರುವ ಭರಣಿಯ ಮುಚ್ಚಳ ಬಿಚ್ಚಲು ಹಿಡಿತ ಕೊಡುತ್ತದೆ. ತಳ ಉಬ್ಬಿದ ಕುಕ್ಕರನ್ನು ಒತ್ತಡಕ್ಕೆ ಹಾಕದೆ ತಳಕ್ಕೆ ನಾಲ್ಕೈದು ತೂತು ಕೊರೆಸಿದರೆ ಕರಿಬೇವಿನ ಗಿಡಕ್ಕೆ ಕುಂಡ. ಒಳಸುತ್ತಿಗೆ ಗೋಣಿ ಹಾಸಿ ನೆರಳಲ್ಲಿಡಿ, ಬಿಸಿಲಿಗೆ ಕಾಯ್ದ ಲೋಹ ಬೇರು ಸುಡುತ್ತದೆ. ಜೊತೆಯ ಪಾತ್ರೆಯಿಲ್ಲದ ಹಳೆಯ ಮುಚ್ಚಳವನ್ನು ಬೇರೆ ಕುಕ್ಕರಿಗೆ ಹೊಂದಿಸಲು ಮಾತ್ರ ಹೋಗಬೇಡಿ, ಅಂಚಿನ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಒತ್ತಡದಲ್ಲಿ ಮುಚ್ಚಳ ಬಿಟ್ಟುಕೊಳ್ಳುತ್ತದೆ.

ಇನ್ನು ಮುಂದೆ ಇಂಥ ಸಲಹೆ ಅಚ್ಚಾಗುವಾಗ ನಾಲ್ಕು ವಿವರ ಜೊತೆಗಿರಲಿ: ಸ್ಟೀಲೋ ಅಲ್ಯೂಮಿನಿಯಮ್ಮೋ, ನೀರೆಷ್ಟು, ವೆಯ್ಟ್ ಉಂಟೋ ಇಲ್ಲವೋ, ಎಷ್ಟು ನಿಮಿಷ.

ಇತಿ,
ಕುಕ್ಕರ್, ಸ್ಟೌ ರಿಪೇರಿ ಕಸುಬಿನವರು
ರಾಯಚೂರು